ಇಂಟರ್ವಲ್ ಅಂದುಕೊಂಡು ಕಾದವನ ಉತ್ತರ

ಕೆಲಸ ಬಿಟ್ಟು ಒಂದೂವರೆ ವರ್ಷ ಆಯಿತು, ಶುರು ಮಾಡಿದ ವ್ಯಾಪಾರ ಕೈ ಹಿಡಿಯುತ್ತಿಲ್ಲ, ದಿನಾ ರಾತ್ರಿ ಸೋತು ಗೆದ್ದವರ ಸಿನಿಮಾ ನೋಡುತ್ತೇನೆ, ಬದುಕಿಗೆ ಅರ್ಥ ಸಿಗಬೇಕಾದರೆ ಇನ್ನು ಯಾವ ಬಗೆಯ ಸಿನಿಮಾ ನೋಡಬೇಕು ಅಂತ ಕೇಳಿದ್ದೀರಿ. ಕೊನೆಗೆ ಒಂದು ಸಾಲು ಸೇರಿಸಿದ್ದೀರಿ: "ಈಗ ನಾನು ಕಥೆಯ ಕಷ್ಟದ ಭಾಗದಲ್ಲಿದ್ದೇನೆ, ಅಷ್ಟೆ."

ಆ ಸಾಲು ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ಇದೇ ಮಾತನ್ನು 2010ರಲ್ಲಿ ನಾನೂ ಹೇಳಿದ್ದೆ. ಅಮ್ಮನ ನಾಲ್ಕು ಬಳೆ ಹೋದದ್ದು ಆ ಮಾತಿನಿಂದ.

ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ರಸ್ತೆಯಲ್ಲಿ ನನ್ನದೊಂದು ಡಿವಿಡಿ ಅಂಗಡಿ ಇತ್ತು. 2005ರ ನವೆಂಬರ್‌ನಲ್ಲಿ ತೆರೆದದ್ದು. 500 ರೂಪಾಯಿ ಡಿಪಾಸಿಟ್, ದಿನಕ್ಕೆ 20 ರೂಪಾಯಿ ಬಾಡಿಗೆ. ಆರು ಕಪಾಟು. ಫೈಟಿಂಗ್, ಕಾಮಿಡಿ, ಭೂತದ್ದು, ಪತ್ತೇದಾರಿ, ಮನೆಮಂದಿಯದ್ದು, ಮಕ್ಕಳದ್ದು. ಪ್ರತಿ ಕಪಾಟಿಗೆ ನಾನೇ ಪೇಂಟ್‌ನಲ್ಲಿ ಹೆಸರು ಬರೆದಿದ್ದೆ. ಸಂಜೆ ಆರರಿಂದ ಒಂಬತ್ತರವರೆಗೆ ನಿಲ್ಲಲು ಜಾಗ ಇರುತ್ತಿರಲಿಲ್ಲ. ಮಣಿಪಾಲದ ಹುಡುಗರು, ಬ್ಯಾಂಕಿನವರು, ಮಲ್ಪೆಯಿಂದ ಬೈಕಿನಲ್ಲಿ ಬರುವವರು, ಎಲ್ಲ ಸೇರುತ್ತಿದ್ದರು.

ಗಿರಾಕಿಗಳು ಸಿನಿಮಾದ ಹೆಸರು ಹೇಳುವುದು ಕಡಿಮೆ. "ಸ್ವಲ್ಪ ನಗು ಬರುವಂಥದ್ದು ಕೊಡಿ" ಅಂತಾರೆ. "ಅಳುವುದು ಬೇಡ, ಮನೆಯಲ್ಲಿ ಈಗಾಗಲೇ ಸಾಕಷ್ಟು ಉಂಟು" ಅಂತಾರೆ. ಇವರು ಕೇಳುತ್ತಿದ್ದದ್ದು ರಸವನ್ನು, ಅಂದರೆ ನೋಡುವಾಗ ಮನಸ್ಸಿಗೆ ಸಿಗುವ ಭಾವದ ರುಚಿಯನ್ನು. ಭರತ ಮುನಿ ನಾಟಕದ ಹಳೆಯ ಗ್ರಂಥವಾದ ನಾಟ್ಯಶಾಸ್ತ್ರದಲ್ಲಿ ಎಂಟು ರಸ ಹೇಳಿದ್ದಾನೆ. ಒಂಬತ್ತನೆಯ ಶಾಂತ ಆಮೇಲೆ ಸೇರಿದ್ದು. ಹಾಸ್ಯ, ಕರುಣ, ವೀರ, ಭಯಾನಕ, ಅದ್ಭುತ ಅಂತ ಅವನು ಬೇರೆ ಮಾಡಿದ್ದನ್ನೇ ನಾನು ಪೇಂಟ್‌ನಲ್ಲಿ ಬರೆದಿದ್ದೆ. ಇದು ಗೊತ್ತಾದದ್ದು ಅಂಗಡಿ ಮುಚ್ಚಿದ ಮೇಲೆ.

ಒಬ್ಬರು ನರ್ಸ್ ಬರುತ್ತಿದ್ದರು. ಸಣ್ಣ ಮಕ್ಕಳ ಐಸಿಯುನಲ್ಲಿ ಡ್ಯೂಟಿ. ನೈಟ್ ಶಿಫ್ಟ್ ಮುಗಿಸಿ ಅಂಗಡಿ ತೆರೆಯುವ ಹೊತ್ತಿಗೆ ಬಂದು ನಿಲ್ಲುತ್ತಿದ್ದರು. ಕಣ್ಣು ಕೆಂಪಾಗಿರುತ್ತಿತ್ತು. ತೆಗೆದುಕೊಳ್ಳುವುದು ಮಾತ್ರ ಭೂತದ ಕಪಾಟಿನಿಂದ. ಒಂದು ಸಲ ತಡೆಯಲಾಗದೆ ಕೇಳಿದೆ, "ಅಕ್ಕಾ, ಇಡೀ ರಾತ್ರಿ ಅಲ್ಲಿ ಇದ್ದು ಬಂದು ಮತ್ತೆ ಇದನ್ನು ನೋಡಬೇಕಾ?" ಅವರು ಡಿಸ್ಕನ್ನು ತಿರುಗಿಸಿ, ಬೆಳಕಿಗೆ ಹಿಡಿದು, ಗೀರು ಉಂಟಾ ಅಂತ ನೋಡುತ್ತಾ ಹೇಳಿದರು: "ಅಲ್ಲಿ ಹೆದರಿಕೆ ಆದರೂ ಕೈ ನಡುಗಬಾರದು. ಇಲ್ಲಿ ನಡುಗಬಹುದು."

ಸಿನಿಮಾದ ಬಗೆಗಳು ಮನುಷ್ಯನಿಗೆ ಏನು ಮಾಡುತ್ತವೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಎಲ್ಲೂ ಕೇಳಿಲ್ಲ. ಹೊರಗೆ ಜಾಗ ಸಿಗದ ಒಂದು ಭಾವಕ್ಕೆ ಎರಡು ಗಂಟೆ ಕೂರಲು ಜಾಗ ಕೊಡುತ್ತವೆ. ಹಾಗಾಗಿ ಕಥೆ, ಸಿನಿಮಾ ಎಲ್ಲ ಸುಮ್ನೆ ಟೈಂಪಾಸ್ ಅನ್ನುವವರ ಮಾತು ನನಗೆ ಒಪ್ಪಿಗೆ ಇಲ್ಲ.

ಆದರೆ ಅವು ಇನ್ನೊಂದು ಕೆಲಸವನ್ನೂ ಮಾಡುತ್ತವೆ. ನಡುರಾತ್ರಿ ಒಂದು ಮನೆಯಲ್ಲಿ ಫೋನ್ ಹೊಡೆದುಕೊಳ್ಳುತ್ತದೆ ಅಂತ ಇಟ್ಟುಕೊಳ್ಳಿ. ಭೂತದ ಸಿನಿಮಾದಲ್ಲಿ ನೀವು ಕಾಲು ಮಡಚಿ ಕೂರುತ್ತೀರಿ. ಕಾಮಿಡಿಯಲ್ಲಿ ಆಗಲೇ ನಗು ಶುರುವಾಗಿರುತ್ತದೆ. ಮನೆಮಂದಿಯ ಸಿನಿಮಾದಲ್ಲಿ ಯಾರೋ ತೀರಿಹೋದರು ಅಂತ ಗೊತ್ತಾಗಿಬಿಡುತ್ತದೆ. ಫೋನ್ ಒಂದೇ. ಅದು ಏನು ಅನ್ನುವುದನ್ನು ಕಪಾಟು ಮೊದಲೇ ಹೇಳಿರುತ್ತದೆ. ಪರದೆಯ ಮೇಲೆ ಅದು ಚಂದ. ಅದೇ ಕಪಾಟಿನಲ್ಲಿ ನಮ್ಮ ಬದುಕನ್ನು ತೆಗೆದುಕೊಂಡು ಹೋಗಿ ಇಟ್ಟರೆ, ಹೊಡೆದುಕೊಳ್ಳುವ ಪ್ರತಿ ಫೋನನ್ನೂ ನಾವು ತಪ್ಪಾಗಿ ಕೇಳುತ್ತೇವೆ. ನಾನು ಕೇಳಿದ್ದು ಹಾಗೆ.

ನಾನು ನನ್ನನ್ನು ಇಟ್ಟುಕೊಂಡದ್ದು ಛಲದವನ ಕಥೆಯಲ್ಲಿ. ಬಡ ಹುಡುಗ, ಯಾರೂ ನಂಬುವುದಿಲ್ಲ, ಇಂಟರ್ವಲ್ ಹೊತ್ತಿಗೆ ಎಲ್ಲ ಕಳೆದುಕೊಳ್ಳುತ್ತಾನೆ, ಆಮೇಲೆ ಎದ್ದು ನಿಲ್ಲುತ್ತಾನೆ. ಆ ಬಗೆಯ ಸಿನಿಮಾಗಳನ್ನು ಅಂಗಡಿ ಬಾಗಿಲು ಹಾಕಿದ ಮೇಲೆ ಒಬ್ಬನೇ ಕೂತು ಎಷ್ಟು ನೋಡಿದ್ದೇನೆ ಅಂತ ಲೆಕ್ಕ ಇಲ್ಲ.

ಈಗ ತಪ್ಪಿನ ವಿಷಯ. ಇದನ್ನು ಸರಿಯಾಗಿ ಹೇಳಬೇಕು. ಯಾಕೆಂದರೆ ಕೇಳಿದವರೆಲ್ಲ ಬೇರೆ ಏನನ್ನೋ ತಪ್ಪು ಅಂದುಕೊಳ್ಳುತ್ತಾರೆ.

ಕಾಲ ಬದಲಾದದ್ದು ನನಗೆ ಗೊತ್ತಾಗಲಿಲ್ಲ ಅಂತಲ್ಲ. ಚೆನ್ನಾಗಿ ಗೊತ್ತಿತ್ತು. ಉದ್ದದ ಲೆಕ್ಕದ ಪುಸ್ತಕದಲ್ಲಿ ಪ್ರತಿದಿನ ಎಷ್ಟು ಡಿಸ್ಕ್ ಹೋಯಿತು ಅಂತ ಬರೆಯುತ್ತಿದ್ದೆ. 2008ರಲ್ಲಿ ದಿನಕ್ಕೆ ಸುಮಾರು 90. 2010ರಲ್ಲಿ 40. 2011ರ ಮಳೆಗಾಲದಲ್ಲಿ 15. ಹಾಸ್ಟೆಲ್ ಹುಡುಗರು ಪೆನ್‌ಡ್ರೈವ್‌ನಲ್ಲಿ ಹಂಚಿಕೊಳ್ಳುತ್ತಿದ್ದರು. ಮನೆಮನೆಗೆ ಡಿಶ್ ಬಂದಿತ್ತು. ಇದೆಲ್ಲ ನನ್ನ ಕಣ್ಣ ಮುಂದೆಯೇ ಇತ್ತು. ಸಾಲ ಮಾಡಿದ್ದೂ ತಪ್ಪಲ್ಲ, ವ್ಯಾಪಾರಕ್ಕೆ ಎಲ್ಲರೂ ಸಾಲ ಮಾಡುತ್ತಾರೆ. ನನ್ನ ತಪ್ಪು ಅಂದರೆ, ಆ 90, 40, 15ಕ್ಕೆ ನಾನು "ಇಂಟರ್ವಲ್" ಅಂತ ಹೆಸರಿಟ್ಟದ್ದು. ಹಾಗೆ ಹೆಸರಿಟ್ಟ ಮೇಲೆ ಅಂಕಿ ಕೆಳಗೆ ಹೋದಷ್ಟೂ ನನಗೆ ಧೈರ್ಯ ಜಾಸ್ತಿ ಆಯಿತು. ಯಾಕೆಂದರೆ ಆ ಕಥೆಯಲ್ಲಿ ಜಾಸ್ತಿ ಬಿದ್ದವನೇ ಜಾಸ್ತಿ ಏಳುವುದು, ಅಲ್ವಾ?

ಭರತನ ಮಾತಿನಲ್ಲೇ ಹೇಳುವುದಾದರೆ, ಕೊನೆಯವರೆಗೂ ಉಳಿಯುವ ಸ್ಥಾಯಿ ಭಾವ ಬೇರೆ, ಬಂದು ಹೋಗುವ ಸಂಚಾರಿ ಭಾವ ಬೇರೆ. ಸಂಚಾರಿಗಳು 33 ಅಂತ ಅವನ ಲೆಕ್ಕ. ಶಂಕೆ, ಚಿಂತೆ, ದೈನ್ಯ ಎಲ್ಲ ಅದರಲ್ಲಿ ಬರುತ್ತವೆ. ವೀರರಸದ ಕಥೆಯಲ್ಲಿ ಶಂಕೆ ಬರುತ್ತದೆ, ವೀರನನ್ನು ಇನ್ನಷ್ಟು ದೊಡ್ಡವನಾಗಿ ಮಾಡಿ ಹೋಗುತ್ತದೆ. ನನ್ನ ಶಂಕೆ ಲೆಕ್ಕದ ಪುಸ್ತಕದಿಂದ ಬಂದದ್ದು, ಅದು ನಿಜ ಹೇಳುತ್ತಿತ್ತು. ನಾನು ಅದನ್ನು ಸಂಚಾರಿ ಅಂದುಕೊಂಡು ದಾಟಿ ಹೋದೆ.

2010ರಲ್ಲಿ ಪಕ್ಕದ ಹೋಟೆಲಿನವರು ಬಂದು ಕೂತರು. ಅವರಿಗೆ ಹೋಟೆಲ್ ದೊಡ್ಡದು ಮಾಡಬೇಕಿತ್ತು. "ಜಾಗ ಬಿಟ್ಟುಕೊಡು, ಎರಡೂವರೆ ಲಕ್ಷ ಕೊಡ್ತೇನೆ, ಬೇಕಾದರೆ ಕೌಂಟರಿನಲ್ಲಿ ಕೆಲಸಾನೂ ಕೊಡ್ತೇನೆ" ಅಂದರು. ಒಳ್ಳೆಯ ಮನುಷ್ಯ. ಆದರೆ ನನ್ನ ಕಥೆಯಲ್ಲಿ ಆ ಹೊತ್ತಿಗೆ ಆಸೆ ತೋರಿಸಲು ಒಬ್ಬ ವಿಲನ್ ಬರಬೇಕಿತ್ತು. ಅವರನ್ನು ಆ ಪಾತ್ರದಲ್ಲಿ ಕೂರಿಸಿಬಿಟ್ಟೆ. ಚಹಾ ಕೂಡ ಕೊಡದೆ ಕಳಿಸಿದೆ. ಅಕ್ಕ ಕೇಳಿದಳು, "ಇದೇ ಅಂಗಡಿ ಬೇರೆಯವರದ್ದಾಗಿದ್ದರೆ ನೀನು ಎಂತ ಹೇಳ್ತಿದ್ದೆ?" ಅವಳಿಗೆ ನಾನು ಕೊಟ್ಟ ಉತ್ತರ ನಿಮ್ಮ ಪ್ರಶ್ನೆಯ ಆ ಕೊನೆಯ ಸಾಲು. ಅವಳು ಮತ್ತೆ ಮಾತಾಡಲಿಲ್ಲ.

ಅಮ್ಮನ ಬಳೆ ಅಡವಿಟ್ಟು ಬ್ಲೂ ರೇ ಅನ್ನುವ ಹೊಸ ಬಗೆಯ ಡಿಸ್ಕ್ ತಂದೆ, ಹೊಸ ಕಪಾಟು ಮಾಡಿಸಿದೆ. ಬ್ಲೂ ರೇ ಪ್ಲೇಯರ್ ಊರಲ್ಲಿ ಎಷ್ಟು ಮನೆಯಲ್ಲಿ ಉಂಟು ಅಂತಲೂ ವಿಚಾರಿಸಲಿಲ್ಲ. 2012ರ ಜೂನ್‌ನಲ್ಲಿ ಬಾಗಿಲು ಹಾಕಿದೆ. ಬಳೆ ಬಿಡಿಸಿಕೊಳ್ಳಲು ಆಗಲಿಲ್ಲ.

ಆ ಮಳೆಗಾಲ ಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಸೋದರಮಾವ ಒಂದು ಸಂಜೆ ಕೊಡೆ ಹಿಡಿದು ಬಂದು ಎಬ್ಬಿಸಿ ತಾಳಮದ್ದಳೆಗೆ ಕರೆದುಕೊಂಡು ಹೋದರು. ನಮ್ಮಲ್ಲಿ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಪೂರ್ತಿ ತಾಳಮದ್ದಳೆಯದ್ದೇ ಕಾಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ, ಅಂದರೆ ಕಥೆಯ ಹಾಡು, ಹಾಡುತ್ತಾರೆ, ಮದ್ದಳೆ, ಚೆಂಡೆ ನುಡಿಯುತ್ತದೆ. ಎದುರುಬದುರು ಕೂತ ಅರ್ಥಧಾರಿಗಳು ಆ ಪದಕ್ಕೆ ಮಾತು ಹೇಳುತ್ತಾರೆ. ಬರೆದಿಟ್ಟ ಮಾತಲ್ಲ, ಆಗಲೇ ಹುಟ್ಟುವ ಮಾತು. ನಾಲ್ಕು ಸಾಲಿನ ಪದಕ್ಕೆ ಅರ್ಧ ಗಂಟೆಯ ಮಾತೂ ಆಗಬಹುದು. ಆ ಮಾತಿಗೆ ನಮ್ಮಲ್ಲಿ ಹೆಸರೇ "ಅರ್ಥ".

ಅವತ್ತಿನ ಪ್ರಸಂಗ ಕರ್ಣಭೇದನ. ಸಂಧಾನ ಮುರಿದು ಹೊರಟ ಕೃಷ್ಣ ಕರ್ಣನನ್ನು ರಥ ಹತ್ತಿಸಿಕೊಂಡು, ನೀನು ಕುಂತಿಯ ಹಿರಿಯ ಮಗ, ಸಿಂಹಾಸನ ನಿನ್ನದು, ಬಾ ಅನ್ನುತ್ತಾನೆ. ಕರ್ಣ ಬರುವುದಿಲ್ಲ ಅನ್ನುತ್ತಾನೆ. ನಾನು ಎಂಟು ವರ್ಷದವನಿದ್ದಾಗಿಂದ ಕೇಳಿದ ಕಥೆ. ಹೋಟೆಲಿನವರಿಗೆ ಬೇಡ ಅಂದಾಗ ನಾನೇ ಕರ್ಣ ಅಂತ ಒಳಗೊಳಗೆ ಅಂದುಕೊಂಡೂ ಇದ್ದೆ. ಆದರೆ ಆ ರಾತ್ರಿ ಕರ್ಣನ ಅರ್ಥಧಾರಿ ಕೈಯಲ್ಲಿದ್ದ ಶಾಲನ್ನು ಮಡಚಿ ತೊಡೆಯ ಮೇಲೆ ಇಟ್ಟು, ದನಿ ತಗ್ಗಿಸಿ, ಯುದ್ಧದಲ್ಲಿ ಗೆಲ್ಲುವುದು ಪಾಂಡವರೇ ಅಂತ ನನಗೆ ಗೊತ್ತು ಕೃಷ್ಣಾ ಅಂದರು. ವ್ಯಾಸ ಭಾರತದ ಉದ್ಯೋಗಪರ್ವದಲ್ಲೂ ಕರ್ಣ ಇದನ್ನು ಹೇಳುತ್ತಾನೆ. ನನಗೆ ಮೈ ಜುಮ್ಮೆಂದಿತು. ಕರ್ಣ ಸೋಲು ಗೊತ್ತಿದ್ದೇ, ದುರ್ಯೋಧನನ ಋಣಕ್ಕಾಗಿ ಬೇಡ ಅಂದವನು. ನಾನು ಗೆಲ್ಲುತ್ತೇನೆ ಅಂತ ಬೇಡ ಅಂದವನು. ಎರಡೂ "ಬೇಡ"ವೇ. ಆದರೆ ನನ್ನದರಲ್ಲಿ ಯಾರ ಋಣವೂ ಇರಲಿಲ್ಲ.

ಆಮೇಲೆ ಕೃಷ್ಣ ಸುಮ್ಮನಿರಲಿಲ್ಲ. ಕರ್ಣ ಕಟ್ಟಿದ್ದನ್ನು ಒಂದೊಂದಾಗಿ ಬಿಚ್ಚಿದ. ಕರ್ಣ ಮತ್ತೆ ಕಟ್ಟಿದ. ಬರುವಾಗ ಬಸ್ಸಿನಲ್ಲಿ ಮಾವ ಹೇಳಿದರು, "ಪದ ನಮ್ಮ ಕೈಯಲ್ಲಿಲ್ಲ, ಅದು ಭಾಗವತರದ್ದು. ಅರ್ಥ ನಮ್ಮದು. ಆದರೆ ಎದುರಿಗೆ ಒಬ್ಬ ಬೇಕು ಮಾರಾಯ, ಇಲ್ಲದಿದ್ದರೆ ಅದು ಭಾಷಣ." ಮಾವ ದೊಡ್ಡ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣನ ಅರ್ಥ ಕೇಳಿ ಬೆಳೆದವರು. ಇವತ್ತು ಕರ್ಣನಿಗೆ ಅರ್ಥ ಹೇಳಿದವರು ನಾಳೆ ಕೃಷ್ಣನಿಗೆ ಹೇಳುತ್ತಾರೆ, ಅದೇ ನಮ್ಮ ಊರಿನ ದೊಡ್ಡ ಶಾಲೆ ಅನ್ನುತ್ತಿದ್ದರು.

ಆರು ವರ್ಷ ನಾನು ಎದುರಿಗೆ ಯಾರನ್ನೂ ಕೂರಿಸದೆ ಅರ್ಥ ಹೇಳಿದ್ದೆ. ಅಕ್ಕ ಕೂರಲು ಬಂದಿದ್ದಳು. ಎಬ್ಬಿಸಿ ಕಳಿಸಿದ್ದೆ.

ಹಾಗಾಗಿ ಯಾವ ಬಗೆಯ ಸಿನಿಮಾ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಯಾವ ಕಪಾಟಿನಲ್ಲೂ ನಿಮ್ಮ ಅರ್ಥ ಇಲ್ಲ. ಅಲ್ಲಿರುವುದು ಪದ ಮಾತ್ರ. ಸೋತು ಗೆದ್ದವರ ಸಿನಿಮಾವನ್ನು ಸ್ವಲ್ಪ ದಿನ ನಿಲ್ಲಿಸಿ, ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಅವು ಕೆಟ್ಟವು ಅಂತಲ್ಲ. ಎರಡು ಗಂಟೆಯಲ್ಲಿ ಗೆಲುವು ಬರುತ್ತದೆ ಅಂತ ಟಿಕೆಟ್ ತೆಗೆಯುವಾಗಲೇ ನಮಗೆ ಮಾತು ಕೊಟ್ಟಿರುತ್ತವೆ. ನಿಮ್ಮ ವ್ಯಾಪಾರ ಅಂಥ ಮಾತು ಕೊಟ್ಟಿಲ್ಲ. ನೋಡಲೇಬೇಕು ಅಂದರೆ ನಿಮಗೆ ಇಷ್ಟ ಇಲ್ಲದ ಬಗೆಯದ್ದನ್ನು ನೋಡಿ. ನಿಮ್ಮ ಒಂದೂವರೆ ವರ್ಷವನ್ನು ಪತ್ತೇದಾರಿ ಕಥೆಯ ಹಾಗೆ ಒಮ್ಮೆ ಹೇಳಿ ನೋಡಿ. ದುಡ್ಡು ಎಲ್ಲಿ ಹೋಯಿತು, ಯಾವ ದಿನದಿಂದ, ಯಾರಿಗೆ ಮೊದಲು ಗೊತ್ತಾಯಿತು ಅಂತ. ನಾನು ಹಾಗೆ ಹೇಳಿಕೊಂಡಿದ್ದರೆ 2010ರಲ್ಲೇ ಕಳ್ಳ ಸಿಕ್ಕುತ್ತಿದ್ದ. ವ್ಯಾಪಾರ ಮುಂದುವರಿಸಬೇಕಾ, ಬೇರೆ ಕೆಲಸ ಹುಡುಕಬೇಕಾ ಅಂತಲೂ ಕೇಳಿದ್ದೀರಿ. ನಿಮ್ಮ ಲೆಕ್ಕದ ಪುಸ್ತಕ ನೋಡದೆ ಅದನ್ನು ನಾನು ಹೇಳುವುದು ಸರಿಯಲ್ಲ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಆ ತಾಳಮದ್ದಳೆ ಆಗಿ ಕೆಲವು ತಿಂಗಳ ಮೇಲೆ ಅಮ್ಮನ ಹತ್ತಿರ ಎಲ್ಲ ಹೇಳಿದೆ. ಆಗ ನಾನು ಇನ್ನೊಂದು ಕಪಾಟಿಗೆ ಹೋಗಿದ್ದೆ. ಎಲ್ಲ ನನ್ನಿಂದ ಹಾಳಾಯಿತು, ನಿನ್ನ ಬಳೆ ನುಂಗಿದವನು ನಾನು ಅಂತ ಅಳುತ್ತಾ ಹೇಳಿದೆ. ಅಮ್ಮ ಬಸಳೆ ಸೊಪ್ಪು ಬಿಡಿಸುತ್ತಿದ್ದರು. ದಂಟು ಒಂದು ಕಡೆ, ಎಲೆ ಒಂದು ಕಡೆ. ಕೈ ನಿಲ್ಲಿಸದೆ ಹೇಳಿದರು:

"ಅದು ನಿನ್ನ ಕಥೆ. ಬಳೆ ನಂದು, ಅದರ ಕಥೆ ನಾನು ಹೇಳ್ತೇನೆ. ನಿನ್ನ ಅಪ್ಪ ಮೂವತ್ತು ವರ್ಷ ಬೊಂಬಾಯಿಯ ಹೋಟೆಲಲ್ಲಿ ಇದ್ದರು. ಈ ಮನೆಯಲ್ಲಿ ಒಟ್ಟಿಗೆ ಕೂತು ಉಂಡದ್ದು ವರ್ಷಕ್ಕೆ ಇಪ್ಪತ್ತು ದಿನ. ನೀನು ಅಂಗಡಿ ಇಟ್ಟ ಮೇಲೆ ಆರೂವರೆ ವರ್ಷ ದಿನಾ ರಾತ್ರಿ ಒಂಬತ್ತೂವರೆಗೆ ಊಟಕ್ಕೆ ಬಂದೆ. ಅಂಗಡಿ ನಡೀತದೆ ಅಂತ ನಾನು ಬಳೆ ಕೊಟ್ಟದ್ದಾ? ಮುಚ್ಚಿದರೆ ನೀನೂ ಬೊಂಬಾಯಿ ಬಸ್ಸು ಹತ್ತುತ್ತಿ ಅಂತ ಕೊಟ್ಟದ್ದು."

ನಾನು ಬಸ್ಸು ಹತ್ತಲಿಲ್ಲ. ಈಗ ಉಡುಪಿಯಲ್ಲೇ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಒಂಬತ್ತೂವರೆಗೆ ಮನೆಯಲ್ಲಿರುತ್ತೇನೆ.

ನಿಮ್ಮ ಮನೆಯಲ್ಲಿ ಯಾರೆಲ್ಲ ಇದ್ದಾರೆ, ಈ ವ್ಯಾಪಾರಕ್ಕೆ ದುಡ್ಡು ಕೊಟ್ಟವರು ಯಾರು, ಅವರು ಯಾಕೆ ಕೊಟ್ಟರು ಅಂತ ನೀವು ಬರೆದಿಲ್ಲ. ನಿಮಗೂ ಗೊತ್ತಿಲ್ಲದಿದ್ದರೆ ಮೊದಲು ಅವರ ಹತ್ತಿರ ಹೋಗಿ ಕೂತು ಕೇಳಿ. ಆಮೇಲೆ ಇಲ್ಲಿ ಬರೆಯಿರಿ, ನಾನು ಓದುತ್ತೇನೆ.