ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಎಂ.ಎಸ್ಸಿ ಓದಲು ಬಂದಿದ್ದೇನೆ. ನವೆಂಬರ್ ಶುರುವಾದಾಗಿಂದ ಮನಸ್ಸು ಮಂಕಾಗಿದೆ. ಏನು ಮಾಡಲಿ?

ನಾನೂ ಗ್ಲಾಸ್ಗೋದಲ್ಲೇ ಓದಿದವಳು, ಈಗ ಇಲ್ಲೇ ಕೆಲಸ. ರೂಮಿಂದ ಹೊರಗೆ ಹೋಗೋಕೆ ಮನಸ್ಸಿಲ್ಲ, ಸಂಜೆ ಅಮ್ಮನ ಜೊತೆ ಮಾತಾಡಿದ ಮೇಲಂತೂ ಬೇಜಾರು ಜಾಸ್ತಿ ಅಂದಿದ್ದೀರಿ. ಎಲ್ಲರೂ ಕೋಟಿಗೆ ಚುಚ್ಚಿಕೊಂಡಿರುವ ಕೆಂಪು ಹೂವು ನಾನೂ ಹಾಕಬೇಕಾ ಅಂತಲೂ ಕೇಳಿದ್ದೀರಿ.

ಮೊದಲು ಫೋನ್ ವಿಷಯ. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಯ್ತು ಅಲ್ವಾ? ಅಲ್ಲಿಗೆ ಊರಿಗೂ ನಿಮಗೂ ಇದ್ದ ನಾಲ್ಕೂವರೆ ಗಂಟೆ ಅಂತರ ಐದೂವರೆ ಆಯ್ತು. ಊರಲ್ಲಿ ರಾತ್ರಿ 10 ಅಂದ್ರೆ ಇಲ್ಲಿ ಸಂಜೆ 4.30. ಅಮ್ಮ 'ಮಲ್ಕೋತೀನಿ ಕಣೋ' ಅಂತ ಫೋನ್ ಇಡುವ ಹೊತ್ತಿಗೆ ನಿಮ್ಮ ಕಿಟಕಿಯಾಚೆಯೂ ಕತ್ತಲು. ಮಲಗೋಕೆ ಇನ್ನೂ ಆರೇಳು ಗಂಟೆ ಇದೆ, ಮಾತಾಡೋಕೆ ಮಾತ್ರ ಯಾರೂ ಇಲ್ಲ. ಬೇಜಾರಾಗದೆ ಇನ್ನೇನು? ಅದರ ಬದಲು ಬೆಳಿಗ್ಗೆ 8ಕ್ಕೆ ಮಾಡಿ. ಅಲ್ಲಿ ಮಧ್ಯಾಹ್ನ 1.30, ಊಟ ಮುಗಿದು ಅಮ್ಮ ಆರಾಮಾಗಿ ಮಾತಾಡುತ್ತಾರೆ. ಆ ನೆಪದಲ್ಲಿ ನೀವೂ ಏಳುತ್ತೀರಿ.

ಏಳೋದು ಮುಖ್ಯ, ಯಾಕಂದ್ರೆ ಡಿಸೆಂಬರ್ ಮೂರನೇ ವಾರದ ಹೊತ್ತಿಗೆ ಹಗಲು ಬರೀ ಏಳು ಗಂಟೆ: ಸೂರ್ಯ ಹುಟ್ಟೋದು 8.45ರ ಸುಮಾರಿಗೆ, ಮುಳುಗೋದು 3.45ಕ್ಕೆ. ಬೆಳಕು ಕಡಿಮೆಯಾದಾಗ ಮನಸ್ಸು ಕುಗ್ಗುವುದನ್ನು ಅಮೆರಿಕದ ಡಾ. ನಾರ್ಮನ್ ರೋಸೆಂತಾಲ್ ತಂಡ 1984ರಲ್ಲೇ ಬರೆದಿಟ್ಟಿದೆ. ಇದು ನಿಮ್ಮ ಸೋಮಾರಿತನ ಅಲ್ಲ. ಮಧ್ಯಾಹ್ನ ಸುಮ್ನೆ ಕೆಲ್ವಿನ್‌ಗ್ರೋವ್ ಪಾರ್ಕಿನಲ್ಲಿ ಒಂದು ಸುತ್ತು ಹಾಕಿ. ಮೋಡ ಕವಿದಿದ್ದರೂ ಹೊರಗಿನ ಬೆಳಕು ನಿಮ್ಮ ರೂಮಿನ ಲೈಟಿಗಿಂತ ಎಷ್ಟೋ ಪಾಲು ಜಾಸ್ತಿ. ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ಮಾತ್ರೆಯನ್ನೂ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳುತ್ತದೆ. ಅದು ಮೂಳೆಗೆ ಒಳ್ಳೆಯದು, ಮನಸ್ಸಿಗೆ ಔಷಧಿ ಅಂದುಕೊಳ್ಳಬೇಡಿ.

ಎರಡು ವಾರವಾದರೂ ನಿದ್ದೆ, ಊಟ ಸರಿಹೋಗದಿದ್ದರೆ ಡಾಕ್ಟರ ಹತ್ತಿರ ಹೋಗಿ. ವೀಸಾ ಜೊತೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿದ್ದೀರಲ್ಲ, ಅದು ಇದಕ್ಕೇ. ಸ್ಕಾಟ್ಲೆಂಡಿನಲ್ಲಿ ಚೀಟಿ ಬರೆದುಕೊಟ್ಟ ಔಷಧಿಗೂ ದುಡ್ಡಿಲ್ಲ. ರಾತ್ರಿ ತೀರಾ ತಡೆಯೋಕಾಗದೆ ಹೋದರೆ 116 123ಕ್ಕೆ ಫೋನ್ ಮಾಡಿ. ಸಂಕಟದಲ್ಲಿರುವವರ ಮಾತು ಕೇಳುವ ಸಮಾರಿಟನ್ಸ್ ಸಂಸ್ಥೆಯದ್ದು, ಯಾವ ಹೊತ್ತಲ್ಲಾದರೂ ಎತ್ತುತ್ತಾರೆ, ಉಚಿತ.

ಇನ್ನು ಕೆಂಪು ಹೂವು. ಅದು ಪಾಪಿ, ಯುದ್ಧದಲ್ಲಿ ಸತ್ತವರ ನೆನಪಿಗೆ. ಹಾಕಲೇಬೇಕು ಅಂತಿಲ್ಲ. ಗ್ಲಾಸ್ಗೋದಲ್ಲಿ ಐರಿಶ್ ಮೂಲದ ಕೆಲವರು ಬೇಕಂತಲೇ ಹಾಕುವುದಿಲ್ಲ, ಅದಕ್ಕೆ ಹಳೆಯ ರಾಜಕೀಯ ಇದೆ. ಹಾಗಾಗಿ 'ನೀನ್ಯಾಕೆ ಹಾಕಿಲ್ಲ' ಅಂತ ಯಾರನ್ನೂ ಕೇಳೋಕೆ ಹೋಗಬೇಡಿ. ನವೆಂಬರ್ 11ರಂದು ಬೆಳಿಗ್ಗೆ 11ಕ್ಕೆ ಅಂಗಡಿಯಲ್ಲೋ ಲೈಬ್ರರಿಯಲ್ಲೋ ಜನ ಇದ್ದಕ್ಕಿದ್ದಂತೆ ನಿಂತರೆ ನೀವೂ ಎರಡು ನಿಮಿಷ ನಿಂತುಕೊಳ್ಳಿ. 1918ರಲ್ಲಿ ಮೊದಲ ಮಹಾಯುದ್ಧ ನಿಂತ ಹೊತ್ತು ಅದು. ಹಾಗಂತ ಅದು ಬರೀ ಅವರ ಯುದ್ಧ ಅಲ್ಲ. ಅದೇ ವರ್ಷ ಸೆಪ್ಟೆಂಬರ್ 23ರಂದು ಈಗ ಇಸ್ರೇಲಿನಲ್ಲಿರುವ ಹೈಫಾ ಊರನ್ನು ಗೆದ್ದ ಕುದುರೆ ಪಡೆಯಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವೂ ಇದೆ. ಫ್ಲಾಟ್‌ಮೇಟ್‌ಗಳಿಗೆ ಹೇಳಿ ನೋಡಿ, ಬಹಳಷ್ಟು ಜನಕ್ಕೆ ಗೊತ್ತೇ ಇರಲ್ಲ.

ಮಾತು ಶುರುವಾದ ಮೇಲೆ ಒಂದು ಸಂಜೆ ಅವರನ್ನು ಊಟಕ್ಕೂ ಕರೆಯಿರಿ. ಚಿತ್ರಾನ್ನ ಸಾಕು. ಒಣಮೆಣಸಿನಕಾಯಿ ಒಗ್ಗರಣೆ ಹಾಕುವ ಮುಂಚೆ ಮಾತ್ರ ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ತೆರೆಯಿರಿ. ಹೊಗೆ ಕಾರಿಡಾರಿಗೆ ಹೋದರೆ ಫೈರ್ ಅಲಾರಂ ಹೊಡೆದು ಇಡೀ ಕಟ್ಟಡದವರು ಚಳಿಯಲ್ಲಿ ಹೊರಗೆ ನಿಲ್ಲಬೇಕಾಗುತ್ತದೆ.