ಮೊದಲು ನೀರು, ಆಮೇಲೆ ಬಟ್ಟೆ: ಕಾರಿನ ಬಣ್ಣದ ಬಗ್ಗೆ ನಿಮ್ಮ ಪ್ರಶ್ನೆಗಳು

ಕೋಲಾರದ ಟಮಕದ ಹತ್ತಿರ ನನ್ನ ಪೇಂಟಿಂಗ್ ಶೆಡ್ ಇದೆ. 26 ವರ್ಷದಿಂದ ಇದೇ ಕೆಲಸ. ಅಪ್ಪ ಲಾರಿಗಳಿಗೆ ಬ್ರಷ್ ಹಿಡಿದು ಬಣ್ಣ ಬಳಿಯುತ್ತಿದ್ದರು. ನಾನು ಸ್ಪ್ರೇ ಗನ್ ಹಿಡಿದೆ. ಕಾರಿನ ಬಣ್ಣದ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ನಮ್ಮ ಮನೆ ಇರುವುದು ಜಲ್ಲಿ ಕ್ರಷರ್‌ಗೆ ಹೋಗುವ ರಸ್ತೆಯ ಪಕ್ಕ. ಬೆಳಗಾಗುವಷ್ಟರಲ್ಲಿ ಕಾರಿನ ಮೇಲೆ ಧೂಳು ಕೂತಿರುತ್ತದೆ. ದಿನಾ ತಪ್ಪದೆ ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ಎರಡೇ ವರ್ಷದ ಕಪ್ಪು ಕಾರು. ಬಿಸಿಲಿನಲ್ಲಿ ನೋಡಿದರೆ ಮೈತುಂಬಾ ಜೇಡರ ಬಲೆಯಂಥ ಗೀರು. ಇಷ್ಟು ನೋಡಿಕೊಂಡರೂ ಯಾಕೆ ಹೀಗೆ? (ಚಿಕ್ಕಬಳ್ಳಾಪುರದಿಂದ ಒಬ್ಬ ಓದುಗರು)

ಸಾರ್, ಬೇಜಾರು ಮಾಡಿಕೊಳ್ಳಬೇಡಿ. ಆ ಗೀರು ಬಂದಿರುವುದು ಆ ಒಣ ಬಟ್ಟೆಯಿಂದಲೇ. ನೀವು ಪ್ರೀತಿಯಿಂದಲೇ ಒರೆಸಿದ್ದೀರಿ, ಆದರೆ ಬಟ್ಟೆಯ ಕೆಳಗೆ ಇದ್ದದ್ದು ಕಲ್ಲಿನ ಪುಡಿ.

ನಮ್ಮ ಕಡೆಯ ಬಂಡೆ ಗ್ರಾನೈಟ್ ಜಾತಿಯದು. ಅದರ ಪುಡಿಯಲ್ಲಿ ಬೆಣಚುಕಲ್ಲಿನ ಕಣ ಇರುತ್ತದೆ. ಅದು ಗಾಜನ್ನೇ ಗೀರುವಷ್ಟು ಗಟ್ಟಿ. ಕಾರಿನ ಮೇಲಿನ ಪದರ ಅದರ ಮುಂದೆ ಬಹಳ ಮೆತ್ತಗೆ. ಒಣ ಬಟ್ಟೆಯಲ್ಲಿ ಎಳೆದಾಗ ಬಟ್ಟೆ ಹೋಗಿ ಎಮರಿ ಪೇಪರ್ ಆಗುತ್ತದೆ. ದಿನಕ್ಕೊಂದು ಸಲ ಅಂದರೂ ಎರಡು ವರ್ಷಕ್ಕೆ ಏಳು ನೂರು ಸಲ ಆಯಿತು, ಅಲ್ವಾ?

ಕಾರಿನ ಬಣ್ಣ ಒಂದೇ ಪದರ ಅಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ಹೊಳಪು ಕೊಡುವುದು, ಬಿಸಿಲನ್ನು ತಡೆಯುವುದು ಈ ಕ್ಲಿಯರ್. ಅದರ ದಪ್ಪ ಹೆಚ್ಚುಕಡಿಮೆ 40ರಿಂದ 50 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಕೂದಲು ಇದಕ್ಕಿಂತ ದಪ್ಪ. ಇರುವುದು ಅಷ್ಟೇ. ಸವೆದರೆ ತಾನಾಗಿ ಮತ್ತೆ ಬೆಳೆಯುವುದಿಲ್ಲ.

ಹಾಗಾಗಿ ಇವತ್ತಿನಿಂದಲೇ ಒಣ ಬಟ್ಟೆ ನಿಲ್ಲಿಸಿ. ಧೂಳು ಇದ್ದರೆ ಇರಲಿ. ಸುಮ್ನೆ ಕೂತ ಧೂಳು ಗೀರುವುದಿಲ್ಲ, ಉಜ್ಜಿದ ಧೂಳು ಗೀರುತ್ತದೆ. ಮುಂದಿನ ಗಾಜು, ಕನ್ನಡಿ, ಲೈಟು ಮಾತ್ರ ಒದ್ದೆ ಬಟ್ಟೆಯಲ್ಲಿ ಸ್ವಚ್ಛ ಮಾಡಿಕೊಂಡು ಹೊರಡಿ. ವಾರಕ್ಕೊಂದು ಸಲ ತೊಳೆಯಿರಿ. ಮೊದಲು ಒಂದು ಬಕೆಟ್ ನೀರನ್ನು ಮಗ್‌ನಲ್ಲಿ ಮೇಲಿನಿಂದ ನಿಧಾನವಾಗಿ ಸುರಿಯಿರಿ, ಕೈ ತಾಗಿಸಬೇಡಿ. ಅರ್ಧ ಧೂಳು ಅಲ್ಲೇ ಇಳಿಯುತ್ತದೆ. ಆಮೇಲೆ ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಒಂದು ಬಾಗಿಲು ಒರೆಸಿದ ಕೂಡಲೇ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸಿ, ಹಿಂಡಿ, ಆಮೇಲೆ ಮತ್ತೆ ಶಾಂಪೂಗೆ ಅದ್ದಿ. ಸುತ್ತ ತಿರುಗಿಸಬೇಡಿ, ಉದ್ದಕ್ಕೆ ಒಂದೇ ಕಡೆ ಎಳೆಯಿರಿ. ಮಡ್‌ಗಾರ್ಡ್ ಮತ್ತು ಬಾಗಿಲಿನ ಕೆಳಭಾಗ ಕೊನೆಗೆ, ಬೇರೆ ಬಟ್ಟೆಯಲ್ಲಿ. ಜಾಲಿಸಿದ ಬಕೆಟ್ಟಿನ ತಳ ಒಂದು ಸಲ ನೋಡಿ, ಕೂತಿರುವ ಮರಳು ಕಾಣುತ್ತದೆ. ಇಷ್ಟು ದಿನ ಅದೆಲ್ಲ ಬಣ್ಣದ ಮೇಲೆ ಓಡಾಡುತ್ತಿತ್ತು.

ಕೆಲವರು ಧೂಳಿನ ಮೇಲೇ ಕವರ್ ಹಾಕುತ್ತಾರೆ. ಗಾಳಿಗೆ ಕವರ್ ಅಲ್ಲಾಡಿದರೆ ಅದೂ ಒಣ ಬಟ್ಟೆಯ ಕೆಲಸವೇ. ತೊಳೆದ ಕಾರಿಗೆ, ಪೂರ್ತಿ ಒಣಗಿದ ಮೇಲೆ ಮಾತ್ರ ಕವರ್.

ಇನ್ನು ಈಗಾಗಲೇ ಬಂದ ಗೀರು. ಮೆಷೀನ್ ಪಾಲಿಶ್‌ನಲ್ಲಿ ಬಹಳಷ್ಟು ಹೋಗುತ್ತದೆ. ಆದರೆ ಪಾಲಿಶ್ ಅಂದರೆ ಗೀರನ್ನು ತುಂಬುವುದಲ್ಲ, ಸುತ್ತಲಿನ ಕ್ಲಿಯರನ್ನು ಗೀರಿನ ಮಟ್ಟಕ್ಕೆ ಸವೆಸುವುದು. ಪ್ರತಿ ಸಲವೂ ಕೆಲವು ಮೈಕ್ರಾನ್ ಹೋಗುತ್ತದೆ. ಪ್ರತಿ ಸರ್ವಿಸ್‌ಗೂ ರಬ್ಬಿಂಗ್ ಪಾಲಿಶ್ ಮಾಡಿಸುವವರಿದ್ದಾರೆ, ನನಗೆ ಹೊಟ್ಟೆ ಉರಿಯುತ್ತದೆ. 2003ರಲ್ಲಿ ನಾನೇ ಒಂದು ಕಪ್ಪು ಕಾರಿನ ಬಾನೆಟ್ ಅಂಚಿನಲ್ಲಿ ಮೆಷೀನ್ ಒಂದು ಕ್ಷಣ ಜಾಸ್ತಿ ನಿಲ್ಲಿಸಿದೆ. ಅಂಚಿನಲ್ಲಿ ಕ್ಲಿಯರ್ ತೆಳ್ಳಗಿರುತ್ತದೆ. ನೋಡುತ್ತಿದ್ದಂತೆ ಕೆಳಗಿನ ಬಣ್ಣ ಬಂದುಬಿಟ್ಟಿತು. ಇಡೀ ಬಾನೆಟ್ಟನ್ನು ದುಡ್ಡು ತೆಗೆದುಕೊಳ್ಳದೆ ಹೊಸದಾಗಿ ಹೊಡೆದುಕೊಟ್ಟೆ. ಅವತ್ತಿನಿಂದ ಅಂಚುಗಳಿಗೆಲ್ಲ ಟೇಪ್ ಹಾಕದೆ ಮೆಷೀನ್ ಮುಟ್ಟಿಲ್ಲ. ನೀವು ಮೊದಲು ತೊಳೆಯುವ ರೀತಿ ಬದಲಿಸಿ, ಆರು ತಿಂಗಳು ನೋಡಿ, ಆಮೇಲೆ ಒಂದೇ ಒಂದು ಸಲ ಪಾಲಿಶ್ ಮಾಡಿಸಿ.

ಎಷ್ಟು ತೊಳೆದರೂ ಒಣಗಿದ ಮೇಲೆ ಬಿಳಿ ಚುಕ್ಕೆ ಉಳಿಯುತ್ತದೆ. ನೀರು ವ್ಯರ್ಥ ಆಗಬಾರದು ಎಂದು ಆರ್‌ಒ ಫಿಲ್ಟರ್‌ನಿಂದ ಆಚೆ ಬರುವ ನೀರನ್ನು ಕೂಡಿಟ್ಟು ಕಾರಿಗೆ ಬಳಸುತ್ತಿದ್ದೇವೆ. (ಕೋಲಾರದ ಗೃಹಿಣಿ)

ಅಕ್ಕಾ, ನಿಮ್ಮ ಯೋಚನೆ ಒಳ್ಳೆಯದು. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು, ಒಂದು ಕೊಡ ನೀರೂ ಚೆಲ್ಲಬಾರದು. ಆದರೆ ಆ ನೀರು ಕಾರಿಗೆ ಮಾತ್ರ ಬೇಡ. ಸಾವಿರ ಅಡಿ ಆಳದ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲೇ ಜಾಸ್ತಿ. ಆರ್‌ಒ ಯಂತ್ರ ಕುಡಿಯುವ ನೀರಿನಿಂದ ತೆಗೆದ ಉಪ್ಪನ್ನೆಲ್ಲ ಆಚೆ ಬರುವ ನೀರಿಗೆ ತಳ್ಳುತ್ತದೆ. ಅಂದರೆ ಬೋರ್ ನೀರಿಗಿಂತ ಅದು ಇನ್ನೂ ಗಡಸು. ಅದನ್ನು ನೆಲ ಒರೆಸುವುದಕ್ಕೆ, ಕಕ್ಕಸಿಗೆ ಬಳಸಿ.

ಚುಕ್ಕೆ ಬರುವುದು ನೀರು ಕಾರಿನ ಮೇಲೆಯೇ ಆರುವುದರಿಂದ. ನೀರು ಆವಿಯಾಗುತ್ತದೆ, ಸುಣ್ಣದಂಶ ಉಳಿಯುತ್ತದೆ. ಬಿಸಿಲಿನಲ್ಲಿ ತೊಳೆಯಲೇಬೇಡಿ. ಬೆಳಗ್ಗೆ ಏಳರ ಒಳಗೆ ಅಥವಾ ಸಂಜೆ, ಬಾನೆಟ್ ತಣ್ಣಗಿದ್ದಾಗ ತೊಳೆಯಿರಿ. ಒಂದು ಭಾಗ ತೊಳೆದ ಕೂಡಲೇ ದಪ್ಪ ಮೈಕ್ರೋಫೈಬರ್ ಬಟ್ಟೆಯನ್ನು ಹಾಸಿ, ನೀರು ಹೀರಿಸಿ ತೆಗೆಯಿರಿ.

ಮಳೆಗಾಲದಲ್ಲಿ ತಾರಸಿಯ ಪೈಪಿಗೆ ಒಂದು ಡ್ರಮ್ ಇಡಿ. ಮೊದಲ ಮಳೆ ಬಿಟ್ಟು ಆಮೇಲಿನ ನೀರು ಹಿಡಿಯಿರಿ. ಮಳೆನೀರು ಮೃದು, ಸುಣ್ಣ ಇರುವುದಿಲ್ಲ. ಕೊನೆಯ ಒಂದು ಬಕೆಟ್ ಅದನ್ನು ಸುರಿದರೆ ಚುಕ್ಕೆಯ ಗಲಾಟೆಯೇ ಇಲ್ಲ. ನಮ್ಮ ಶೆಡ್ಡಿನಲ್ಲಿ ಎರಡು ಡ್ರಮ್ ಇಟ್ಟಿದ್ದೇನೆ. ಕುಡಿಯುವ ನೀರಿನ ಕ್ಯಾನ್ ತಂದು ಸುರಿಯಲೇ ಎಂದೂ ಕೇಳಿದ್ದೀರಿ. ಈ ಊರಿನಲ್ಲಿ ಕುಡಿಯುವ ನೀರನ್ನು ಕಾರಿಗೆ ಸುರಿಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಬೇಗ ಒರೆಸಿದರೆ ಬೋರ್ ನೀರಿನಲ್ಲೇ ನಡೆಯುತ್ತದೆ.

ಈಗ ಇರುವ ಚುಕ್ಕೆಗೆ ಬಿಳಿ ವಿನೆಗರ್ ಮತ್ತು ನೀರು ಸಮ ಸಮ ಬೆರೆಸಿ. ನೆರಳಿನಲ್ಲಿ, ಬಟ್ಟೆಗೆ ತಗೊಂಡು ಚುಕ್ಕೆ ಇರುವ ಜಾಗದ ಮೇಲೆ ಒಂದೆರಡು ನಿಮಿಷ ಇಟ್ಟು, ಒರೆಸಿ, ಚೆನ್ನಾಗಿ ತೊಳೆಯಿರಿ. ಸುಣ್ಣ ಕರಗುತ್ತದೆ. ಬಣ್ಣದ ರಕ್ಷಣೆಗೆ ಹಾಕಿದ್ದ ವ್ಯಾಕ್ಸ್ (ಮೇಣ) ಕೂಡ ಹೋಗಬಹುದು, ಆಮೇಲೆ ಮತ್ತೆ ಹಚ್ಚಿ. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಯಾರ ಮಾತು ಕೇಳಿಯೂ ಮುಟ್ಟಿಸಬೇಡಿ. ಬಟ್ಟೆ ಸೋಪಿನ ಪುಡಿಯೂ ಬೇಡ, ಅದು ವ್ಯಾಕ್ಸನ್ನು ಎಬ್ಬಿಸಿ ಬಣ್ಣವನ್ನು ಬರಿಮೈ ಮಾಡುತ್ತದೆ.

ಮಾವಿನ ತೋಟದಲ್ಲಿ ಮರದ ನೆರಳಿಗೆ ಕಾರು ನಿಲ್ಲಿಸುತ್ತೇನೆ. ಹೂ ಬಿಟ್ಟ ಮೇಲೆ ಸಣ್ಣ ಸಣ್ಣ ಅಂಟು ಹನಿ ಬಿದ್ದು, ಆಮೇಲೆ ಕಪ್ಪಾಗುತ್ತಿದೆ. ಮರದಿಂದ ಏನು ಸುರಿಯುತ್ತಿದೆ? (ಶ್ರೀನಿವಾಸಪುರದ ಬೆಳೆಗಾರರು)

ಯಜಮಾನರೇ, ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರುವ ಶತ್ರು. ಹೂವಿನ ರಸ ಹೀರುವ ಜಿಗಿಹುಳು. ಅದು ಹೀರಿದ ರಸದಲ್ಲಿ ಸಕ್ಕರೆಯಂಶವನ್ನು ಹನಿಯಾಗಿ ಆಚೆ ಬಿಡುತ್ತದೆ. ಎಲೆಯ ಮೇಲೆ ಬಿದ್ದರೆ ಅದಕ್ಕೆ ಕಾಡಿಗೆಯಂಥ ಬೂಷ್ಟು ಹಿಡಿಯುತ್ತದಲ್ಲ, ಕಾರಿನ ಮೇಲೂ ಅದೇ ಆಗುತ್ತಿದೆ. ಕಾರು ನಿಮಗೆ ಮರದ ಸುದ್ದಿ ಹೇಳುತ್ತಿದೆ, ಹೂಗೊಂಚಲನ್ನು ಒಂದು ಸಲ ನೋಡಿಕೊಳ್ಳಿ.

ಈ ಅಂಟು ಸಕ್ಕರೆಯಾದ್ದರಿಂದ ಉಗುರುಬೆಚ್ಚಗಿನ ನೀರಿಗೆ ಕರಗುತ್ತದೆ. ಒದ್ದೆ ಬಟ್ಟೆ ಹಾಸಿ ಹತ್ತು ನಿಮಿಷ ಬಿಡಿ, ತಾನಾಗಿ ಬರುತ್ತದೆ. ಕೆರೆಯಬೇಡಿ, ಸೀಮೆಎಣ್ಣೆ ಹಾಕಬೇಡಿ. ಬೂಷ್ಟು ಹಿಡಿಯುವವರೆಗೆ ಬಿಟ್ಟರೆ ಕೆಲಸ ಜಾಸ್ತಿ. ಮರಕ್ಕೆ ಔಷಧಿ ಹೊಡೆಯುವ ದಿನ ಕಾರನ್ನು ತೋಟದಿಂದ ಆಚೆ ನಿಲ್ಲಿಸಿ. ತುಂತುರು ಬಿದ್ದರೆ ಅವತ್ತೇ ತೊಳೆಯಿರಿ.

ಕೊಯ್ಲಿನ ಕಾಲದ ಸೊನೆ ಬೇರೆ. ಅದು ಕೈಯನ್ನೇ ಸುಡುತ್ತದೆ, ಹಣ್ಣಿನ ಮೇಲೆ ಹರಿದರೆ ಸಿಪ್ಪೆ ಕಪ್ಪಾಗುತ್ತದೆ. ಕಾರಿನ ಮೇಲೆ ಮಾವಿನ ಕ್ರೇಟ್ ಕಟ್ಟಿಕೊಂಡು ಮಂಡಿಗೆ ಹೋಗುವವರು ಕೆಳಗೆ ದಪ್ಪ ಟಾರ್ಪಾಲ್ ಹಾಕಿಕೊಳ್ಳಿ. ಹಕ್ಕಿ ಹಿಕ್ಕೆಗೂ ಇದೇ ಅವಸರ ಬೇಕು. ಅದರಲ್ಲಿ ಆಮ್ಲದ ಅಂಶ ಇರುತ್ತದೆ. ಮಧ್ಯಾಹ್ನದ ಬಿಸಿಗೆ ಕ್ಲಿಯರ್ ಸ್ವಲ್ಪ ಮೆತ್ತಗಾಗಿ ಹಿಗ್ಗುತ್ತದೆ, ತಣ್ಣಗಾಗುವಾಗ ಹಿಕ್ಕೆಯ ಆಕಾರಕ್ಕೇ ಕುಗ್ಗುತ್ತದೆ. ಆಮೇಲೆ ತೊಳೆದರೂ ಅಚ್ಚು ಉಳಿಯುತ್ತದೆ. ಡಿಕ್ಕಿಯಲ್ಲಿ ಒಂದು ನೀರಿನ ಬಾಟಲಿ, ಒಂದು ಮೆತ್ತನೆಯ ಬಟ್ಟೆ ಯಾವಾಗಲೂ ಇರಲಿ.

ಹೊಸ ಕಾರು ತೆಗೆದುಕೊಳ್ಳುವಾಗ ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಗೀರು ಬೀಳುವುದೇ ಇಲ್ಲ ಎಂದರು. ದಿನಾ ಮಾಲೂರಿನಿಂದ ಬೆಂಗಳೂರಿಗೆ ಓಡಾಟ. ಮಾಡಿಸಲೇ? (ಮಾಲೂರಿನ ಯುವಕ)

ತಮ್ಮಾ, ಗೀರು ಬೀಳುವುದೇ ಇಲ್ಲ ಎಂದವರು ತಪ್ಪು ಹೇಳಿದ್ದಾರೆ. ಸೆರಾಮಿಕ್ ಒಳ್ಳೆಯ ವಸ್ತುವೇ. ಸಿಲಿಕಾ ಆಧಾರದ ಬಹಳ ತೆಳುವಾದ ಪದರ ಅದು. ನೀರು ನಿಲ್ಲದೆ ಉರುಳುತ್ತದೆ, ಕೊಳೆ ಸುಲಭವಾಗಿ ಬಿಡುತ್ತದೆ, ಚೆನ್ನಾಗಿ ನೋಡಿಕೊಂಡರೆ ಎರಡು ಮೂರು ವರ್ಷ ಬರುತ್ತದೆ. ಆದರೆ ಒಣ ಬಟ್ಟೆಯ ಗೀರು ಅದರ ಮೇಲೂ ಬೀಳುತ್ತದೆ, ಗಡಸು ನೀರಿನ ಚುಕ್ಕೆಯೂ ಬೀಳುತ್ತದೆ. ಟಿಪ್ಪರ್ ಚಕ್ರದಿಂದ ಸಿಡಿಯುವ ಜಲ್ಲಿಯನ್ನು ಅದು ತಡೆಯುವುದಿಲ್ಲ.

ಜಲ್ಲಿ ತಡೆಯುವುದು ಪಿಪಿಎಫ್ ಎನ್ನುವ ಫಿಲ್ಮ್. ಪಾಲಿಯುರೆಥೇನ್‌ನದು, 150ರಿಂದ 200 ಮೈಕ್ರಾನ್ ದಪ್ಪ. ಇಡೀ ಕಾರಿಗೆ ಹಾಕಿಸಿದರೆ ದುಬಾರಿ. ನಿಮ್ಮ ಓಡಾಟಕ್ಕೆ ಮುಂದಿನ ಬಂಪರ್, ಬಾನೆಟ್ ಮತ್ತು ಕನ್ನಡಿಗಳಿಗೆ ಸಾಕು. ಉಳಿದ ಮೈಗೆ ಎರಡು ತಿಂಗಳಿಗೊಂದು ಸಲ ನೀವೇ ವ್ಯಾಕ್ಸ್ ಹಚ್ಚಿ. ನನ್ನ ಸ್ವಂತ ಕಾರಿಗೂ ನಾನು ಮಾಡುವುದು ಇದನ್ನೇ.

ಕುರುಡುಮಲೆ ಗಣಪತಿ ದೇವಸ್ಥಾನದಲ್ಲಿ ಹೊಸ ಬಿಳಿ ಕಾರಿಗೆ ಪೂಜೆ ಮಾಡಿಸಿದೆವು. ಅರಿಶಿನ, ಕುಂಕುಮದ ಕಲೆ ಹೋಗುತ್ತಿಲ್ಲ. (ಚಿಂತಾಮಣಿಯ ಓದುಗರು)

ಅರಿಶಿನಕ್ಕೆ ಚಿಂತೆ ಬೇಡ. ಕಾರ್ ಶಾಂಪೂವಿನಲ್ಲಿ ತೊಳೆದು ಕೆಲವು ದಿನ ಬಿಸಿಲಿಗೆ ಬಿಡಿ, ಆ ಹಳದಿ ಬಿಸಿಲಿಗೆ ತಾನೇ ಮಾಸುತ್ತದೆ. ಅಂಗಡಿಯ ಕುಂಕುಮದಲ್ಲಿ ಬಣ್ಣ ಬೆರೆಸಿದ್ದರೆ ಅದು ಹಠಮಾರಿ, ಕೈಯಲ್ಲೇ ಮೆಲ್ಲಗೆ ಪಾಲಿಶ್ ಹಚ್ಚಬೇಕಾಗುತ್ತದೆ. ಮುಂದೆ ಪೂಜೆಗೆ ಬೊಟ್ಟನ್ನು ಗಾಜಿನ ಮೇಲೆ ಇಡಿಸಿ. ತಂತಿ ಕಟ್ಟಿದ ಹಾರ ಬೇಡ, ನೂಲಿನದು ತನ್ನಿ. ಬಾಳೆಕಂದು ಕಟ್ಟಿದರೆ ಅದರ ರಸ ಬಣ್ಣಕ್ಕೆ ತಾಗದ ಹಾಗೆ ಬುಡಕ್ಕೆ ಪ್ಲಾಸ್ಟಿಕ್ ಸುತ್ತಿ.

ಐದು ವರ್ಷದ ಮಗ ಈಗಷ್ಟೇ ಅಕ್ಷರ ಕಲಿತಿದ್ದಾನೆ. ಕಲ್ಲು ತಗೊಂಡು ಕಾರಿನ ಬಾಗಿಲ ಮೇಲೆ 'ಅಮ್ಮ' ಎಂದು ಬರೆದಿದ್ದಾನೆ. ಪೂರ್ತಿ ಬಾಗಿಲಿಗೆ ಪೇಂಟ್ ಮಾಡಿಸಬೇಕೇ? (ಮುಳಬಾಗಿಲಿನ ಶಿಕ್ಷಕಿ)

ಮೇಡಂ, ಉಗುರನ್ನು ಗೀರಿನ ಅಡ್ಡಕ್ಕೆ ಮೆಲ್ಲಗೆ ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಗೀರು ಕ್ಲಿಯರಿನ ಮೇಲುಮೇಲೆ ಇದೆ, ಪಾಲಿಶ್‌ನಲ್ಲಿ ಹೋಗುತ್ತದೆ. ಸಿಕ್ಕಿಕೊಂಡರೆ ಆಳ ಇದೆ. ಒಳಗೆ ತಗಡಿನ ಹೊಳಪು ಕಂಡರೆ ಮಳೆಗಾಲ ಬರುವ ಮೊದಲು ಮುಚ್ಚಬೇಕು, ಇಲ್ಲದಿದ್ದರೆ ತುಕ್ಕು ಬಣ್ಣದ ಅಡಿಯಲ್ಲಿ ಹರಡುತ್ತದೆ. ಬಣ್ಣದ ನಂಬರು ಬಾಗಿಲಿನ ಕಂಬದಲ್ಲೋ ಬಾನೆಟ್ ಒಳಗೋ ಅಂಟಿಸಿದ ಪಟ್ಟಿಯಲ್ಲಿ ಇರುತ್ತದೆ. ಆ ನಂಬರಿನ ಟಚ್ ಅಪ್ ಪೇಂಟ್ ತಂದು, ಸಣ್ಣ ಕುಂಚದಲ್ಲಿ ಗೀರಿನ ಒಳಗೆ ಮಾತ್ರ ತುಂಬಿದರೆ ಸಾಕು.

ತಗಡು ಕಾಣದಿದ್ದರೆ ಪೂರ್ತಿ ಬಾಗಿಲಿಗೆ ಪೇಂಟ್ ಬೇಡ. ಕಂಪನಿಯಲ್ಲಿ ಒಲೆಯಲ್ಲಿ ಬೇಯಿಸಿ ಹಾಕಿದ ಬಣ್ಣದ ಗಟ್ಟಿತನ ನಮ್ಮ ಶೆಡ್ಡಿನ ಬಣ್ಣಕ್ಕೆ ಬರುವುದಿಲ್ಲ ಎಂದು ಪೇಂಟರ್ ಆಗಿ ನಾನೇ ಹೇಳುತ್ತಿದ್ದೇನೆ. ಮಗ ಮೊದಲ ಸಲ ಬರೆದ ಅಕ್ಷರ ಅದು. ಬಾಗಿಲನ್ನು ತೊಳೆದು ಒಣಗಿಸಿ, ಗೀರಿನ ಮೇಲೆ ತೆಳ್ಳಗೆ ಟಚ್ ಅಪ್ ಕ್ಲಿಯರ್ ಎಳೆಯಿರಿ. ನೀರು ಒಳಗೆ ಹೋಗುವುದಿಲ್ಲ, 'ಅಮ್ಮ'ನೂ ಹಾಗೇ ಇರುತ್ತಾಳೆ.