ಜೆರುಸಲೇಮಿನ ಭೂಗತ ಕೈದಿಗಳ ಮ್ಯೂಸಿಯಂಗೆ ಅರ್ಧ ದಿನ ಕೊಡಬಹುದೇ?

ಖಂಡಿತ ಕೊಡಿ. ಎರಡೇ ದಿನ ಇದೆ, ಹಳೆಯ ನಗರ ಬಿಟ್ಟು ಇಲ್ಲಿಗೆ ಹೋಗುವುದು ಸರಿಯೇ ಎಂದು ಕೇಳಿದ್ದೀರಿ. ಒಂದು ಗಂಟೆ ಸಾಕೆಂದುಕೊಂಡು ಒಳಗೆ ಹೋದ ನಾನು ಹೊರಗೆ ಬಂದಾಗ ಮಧ್ಯಾಹ್ನ ದಾಟಿತ್ತು.

ಯಾಫಾ ರಸ್ತೆಯ ಪಕ್ಕದಲ್ಲೇ ಇರುವ ಈ ಕಲ್ಲಿನ ಕಟ್ಟಡವನ್ನು 1860ರ ದಶಕದಲ್ಲಿ ಕಟ್ಟಿದ್ದು ರಷ್ಯಾದಿಂದ ಬರುವ ಯಾತ್ರಿಕ ಹೆಂಗಸರಿಗಾಗಿ. ಬಾಗಿಲ ಮೇಲೆ ಈಗಲೂ ರಷ್ಯನ್ ಅಕ್ಷರಗಳಿವೆ. ಬ್ರಿಟಿಷರು ಬಂದ ಮೇಲೆ ಅದು ಜೆರುಸಲೇಮಿನ ಕೇಂದ್ರ ಕಾರಾಗೃಹವಾಯಿತು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಗುಟ್ಟಾಗಿ ಹೋರಾಡುತ್ತಿದ್ದ ಎತ್ಸೆಲ್, ಲೆಹಿ ಎಂಬ ಯಹೂದಿ ಭೂಗತ ಸಂಘಟನೆಗಳ ಹುಡುಗರು ಇಲ್ಲಿ ಸೆರೆಯಲ್ಲಿದ್ದರು. ಅರಬ್ ಕೈದಿಗಳೂ ಇದ್ದರು.

ಅವಸರವಿದ್ದರೂ ಮರಣದಂಡನೆಯ ಕೋಣೆಯೊಂದನ್ನು ಮಾತ್ರ ತಪ್ಪಿಸಬೇಡಿ. ಮೇಯಿರ್ ಫೈನ್‌ಸ್ಟೈನ್ ಜೆರುಸಲೇಮಿನಲ್ಲೇ ಹುಟ್ಟಿದವನು, ಬ್ರಿಟಿಷ್ ಸೇನೆಯಲ್ಲೇ ಕೆಲಸ ಮಾಡಿದ್ದವನು. 1946ರಲ್ಲಿ ರೈಲು ನಿಲ್ದಾಣದ ಮೇಲೆ ಎತ್ಸೆಲ್ ನಡೆಸಿದ ದಾಳಿಯಲ್ಲಿ ಎಡಗೈ ಕಳೆದುಕೊಂಡ. ಬಾಗ್ದಾದಿನಿಂದ ಬಂದ ಮೋಶೆ ಬರಜಾನಿಯ ಬಳಿ ಗ್ರೆನೇಡ್ ಸಿಕ್ಕಿತ್ತು. ಇಬ್ಬರಿಗೂ ಇಪ್ಪತ್ತರ ಆಸುಪಾಸಿನ ವಯಸ್ಸು, ಇಬ್ಬರಿಗೂ ಗಲ್ಲು ಶಿಕ್ಷೆಯಾಗಿತ್ತು. ಸಹಕೈದಿಗಳು ಕಿತ್ತಳೆ ಹಣ್ಣಿನ ತಿರುಳು ತೆಗೆದು, ಸಿಪ್ಪೆಯೊಳಗೆ ಸಿಡಿಮದ್ದು ಅಡಗಿಸಿ ಕಳುಹಿಸಿದ್ದರು. ನೇಣಿಗೇರಿಸಲು ಬರುವವರನ್ನೂ ಜೊತೆಗೆ ಕೊಲ್ಲುವುದು ಮೊದಲಿನ ಯೋಜನೆ. ಆದರೆ ಕೊನೆಯ ಗಳಿಗೆಯವರೆಗೂ ಜೊತೆಗಿರುತ್ತೇನೆಂದು ಯಹೂದಿ ಧರ್ಮಗುರು ಹಟ ಹಿಡಿದರು. ಅವರ ಪ್ರಾಣ ಉಳಿಸಲು ಈ ಹುಡುಗರು ಯೋಜನೆ ಬದಲಿಸಿದರು. ಕಾವಲಿಗಿದ್ದ ಬ್ರಿಟಿಷ್ ಸಿಪಾಯಿಗೆ ಫೈನ್‌ಸ್ಟೈನ್ ತನ್ನ ಬೈಬಲ್ ಕೊಟ್ಟ. ಪ್ರಾರ್ಥನೆ ಮಾಡಬೇಕು, ಸ್ವಲ್ಪ ಆಚೆ ಹೋಗಿ ಎಂದು ಕೇಳಿಕೊಂಡ. 1947ರ ಏಪ್ರಿಲ್ 21ರ ರಾತ್ರಿ ಇಬ್ಬರೂ ಅಪ್ಪಿಕೊಂಡು, ಎದೆಗಳ ನಡುವೆ ಆ ಸಿಡಿಮದ್ದನ್ನಿಟ್ಟು ಸಿಡಿಸಿಕೊಂಡರು. ಆ ಸಿಪಾಯಿಯ ಕುಟುಂಬದವರು ಬೈಬಲನ್ನು ಮರಳಿಸಿದ್ದು 2007ರಲ್ಲಿ.

ಆ ಸಣ್ಣ ಕೋಣೆಯಲ್ಲಿ ನಿಂತಾಗ ನನಗೆ ಗಂಟಲು ಕಟ್ಟಿತು. ಹಾಗೆಂದು ಇನ್ನೊಂದು ಮಗ್ಗುಲನ್ನು ನಾನು ಮರೆಯಲಾರೆ. ಇದೇ ಎತ್ಸೆಲ್ 1946ರ ಜುಲೈನಲ್ಲಿ ಕಿಂಗ್ ಡೇವಿಡ್ ಹೋಟೆಲಿನಲ್ಲಿ ಇಟ್ಟ ಬಾಂಬಿಗೆ 91 ಜನ ಸತ್ತರು. ಅರಬರು, ಬ್ರಿಟಿಷರು, ಯಹೂದಿಗಳು, ಎಲ್ಲರೂ ಅವರಲ್ಲಿದ್ದರು. ಸಮಯವಿದ್ದರೆ ಆ ಹೋಟೆಲಿನ ಮುಂದೆಯೂ ಒಮ್ಮೆ ನಡೆದು ಬನ್ನಿ.

ನೀವು ಮೈಸೂರಿನವರೆಂದು ಬರೆದಿದ್ದೀರಿ, ಅದಕ್ಕೇ ಇದೊಂದು ಮಾತು. ಹೈಫಾವನ್ನು ತುರ್ಕಿಯರಿಂದ ಗೆದ್ದು ಬ್ರಿಟಿಷರ ಕೈಗೆ ಒಪ್ಪಿಸಿದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರೂ ಇದ್ದರು, 1918ರ ಸೆಪ್ಟೆಂಬರಿನಲ್ಲಿ. ಅಲ್ಲಿ ಭಾರತೀಯ ಸೈನಿಕರ ಸ್ಮಶಾನವಿದೆ, ಹೈಫಾಕ್ಕೆ ಹೋದರೆ ನೋಡಿ.

ಶನಿವಾರ ಮ್ಯೂಸಿಯಂ ತೆರೆದಿರುವುದಿಲ್ಲ, ಆ ದಿನ ಇಟ್ಟುಕೊಳ್ಳಬೇಡಿ. ಆಲಿವ್ ಗುಡ್ಡಕ್ಕೆ ಹೋಗುವಿರಾದರೆ ಆ ಇಬ್ಬರ ಸಮಾಧಿಗಳು ಅಲ್ಲಿಯೇ ಇವೆ. ಎತ್ಸೆಲ್ ಮುಖ್ಯಸ್ಥನಾಗಿದ್ದು ಮುಂದೆ ಪ್ರಧಾನಿಯಾದ ಮೆನಾಚೆಮ್ ಬೆಗಿನ್, ತನ್ನನ್ನು ಇವರ ಹತ್ತಿರವೇ ಹೂಳಬೇಕೆಂದು ಕೇಳಿಕೊಂಡಿದ್ದರು. 1992ರಲ್ಲಿ ಹಾಗೆಯೇ ಮಾಡಿದರು.